ಉಚಿತ ಸಲಕರಣೆಗಳಿಂದ ನಮ್ಮ ಬರಹ, ವಿಡಿಯೊ ಜನರಿಗೆ ತಲುಪುವುದು ಹೇಗೆ? ಸಲಹೆಗಾರರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಈ ವಾರದ ಪ್ರಶ್ನೋತ್ತರದಲ್ಲಿ ಮಡಿಕೇರಿಯಲ್ಲಿ ಡಿಜಿಟಲ್ ಪ್ರಚಾರ ಸಲಹೆಗಾರರಾಗಿ ಕೆಲಸ ಮಾಡುತ್ತಿರುವ ನಮ್ಮ ಗುಂಪಿನ ಸದಸ್ಯೆಯೊಬ್ಬರು ಉತ್ತರಿಸುತ್ತಾರೆ. ಹಣ ಖರ್ಚು ಮಾಡದೆ ಆನ್‌ಲೈನ್‌ನಲ್ಲಿ ಬರಹ, ವಿಡಿಯೊ, ಧ್ವನಿಮುದ್ರಣಗಳನ್ನು ಹಂಚುವ ವಿಷಯಕ್ಕೆ ಮಾತ್ರ ಪ್ರಶ್ನೆಗಳು ಸೀಮಿತವಾಗಿರಲಿ.

ಪ್ರಶ್ನೆ (ಸುಂಟಿಕೊಪ್ಪ ಸಮೀಪದ ಕಾಫಿ ಬೆಳೆಗಾರರು): ನಮಸ್ಕಾರ ಮೇಡಂ. ಕಾಫಿ ಮತ್ತು ಕರಿಮೆಣಸಿನ ಕೃಷಿಯ ಬಗ್ಗೆ ಸಣ್ಣ ವಿಡಿಯೊಗಳನ್ನು ಮಾಡಿ ನಾಲ್ಕೈದು ವಾಟ್ಸಾಪ್ ಗುಂಪುಗಳಿಗೆ ಕಳುಹಿಸುತ್ತಿದ್ದೇನೆ. ಹಾಕಿದ ದಿನ ಕೆಲವರು ನೋಡಿ ಮೆಚ್ಚುತ್ತಾರೆ, ಮಾರನೆಯ ದಿನ ಯಾರಿಗೂ ನೆನಪಿರುವುದಿಲ್ಲ. ಯೂಟ್ಯೂಬ್‌ನಲ್ಲಿಯೂ ‘ನಮ್ಮ ತೋಟ ಭಾಗ 1’, ‘ಭಾಗ 2’ ಎಂದು ಹಾಕಿದ್ದೇನೆ, ಅಲ್ಲಿ ನೋಡುವವರು ಇನ್ನೂ ಕಡಿಮೆ. ಹಣ ಕೊಟ್ಟು ಜಾಹೀರಾತು ಹಾಕಲೇಬೇಕೆ?

ಉತ್ತರ: ಬೇಕಿಲ್ಲ ಸರ್. ಹಂಚುವುದು ಒಂದು ಕೆಲಸ, ಬೇಕಾದವರು ಹುಡುಕಿದಾಗ ಸಿಗುವಂತೆ ಇಡುವುದು ಇನ್ನೊಂದು ಕೆಲಸ. ವಾಟ್ಸಾಪ್ ಮೊದಲನೆಯದಕ್ಕೆ ಬಹಳ ಚೆನ್ನಾಗಿದೆ. ಆದರೆ ಗುಂಪಿನ ಹೊರಗಿರುವವರು ಅಲ್ಲಿರುವ ವಿಡಿಯೊವನ್ನು ಹುಡುಕಲಾರರು, ಒಳಗಿರುವವರಿಗೂ ಎರಡು ದಿನ ಕಳೆದ ಮೇಲೆ ಅದು ಶುಭಾಶಯ ಚಿತ್ರಗಳ ಅಡಿಯಲ್ಲಿ ಎಲ್ಲೋ ಹೋಗಿರುತ್ತದೆ. ಆದ್ದರಿಂದ ವಿಡಿಯೊವನ್ನು ಯೂಟ್ಯೂಬ್‌ನಲ್ಲಿ ಒಂದೇ ಕಡೆ ಸರಿಯಾಗಿ ಇಟ್ಟು, ಉಳಿದ ಎಲ್ಲ ಕಡೆಗೂ ಅದರ ಲಿಂಕನ್ನು ಮಾತ್ರ ಕಳುಹಿಸುವುದು ನನ್ನ ಮೊದಲ ಸಲಹೆ. ನೋಟಗಳೆಲ್ಲ ಒಂದೇ ಕಡೆ ಸೇರುತ್ತವೆ, ಮುಂದೆ ತಿದ್ದುಪಡಿ ಬೇಕಾದರೆ ವಿವರಣೆಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು.

‘ಸಿಗುವಂತೆ ಇಡುವುದು’ ಶೀರ್ಷಿಕೆಯಿಂದ ಆರಂಭವಾಗುತ್ತದೆ. ನಿಮ್ಮ ಚಾನೆಲ್‌ನಲ್ಲಿ ‘ನಮ್ಮ ತೋಟ ಭಾಗ 7’ ಎಂಬ ವಿಡಿಯೊ ನೋಡಿದೆ. ಬಳ್ಳಿಗಳ ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣ ತಯಾರಿಸುವುದನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದ್ದೀರಿ, ಆದರೆ ಕರಿಮೆಣಸಿನ ಸೊರಗು ರೋಗಕ್ಕೆ ಹೆದರಿ ಮಾಹಿತಿ ಹುಡುಕುತ್ತಿರುವ ಬೆಳೆಗಾರನಿಗೆ ಅದು ‘ಭಾಗ 7’ರಲ್ಲಿದೆ ಎಂದು ಗೊತ್ತಾಗುವುದಾದರೂ ಹೇಗೆ? ‘ಕರಿಮೆಣಸಿಗೆ ಶೇ. 1ರ ಬೋರ್ಡೋ ದ್ರಾವಣ ತಯಾರಿಸುವ ಸರಿಯಾದ ಕ್ರಮ’ ಎಂದು ಬದಲಾಯಿಸಿ. ವಿವರಣೆಯ ಮೊದಲ ಎರಡು ಸಾಲುಗಳಲ್ಲಿ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರ್ ನೀರು ಎಂಬ ಅಳತೆಯನ್ನು ಬರೆಯಿರಿ. ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಹುಡುಕುವುದರಿಂದ, ವಿವರಣೆಯ ಕೊನೆಗೆ ಅದೇ ಶೀರ್ಷಿಕೆಯನ್ನು ಇಂಗ್ಲಿಷ್ ಲಿಪಿಯಲ್ಲಿ ಇನ್ನೊಮ್ಮೆ ಬರೆಯುವುದು ಒಳ್ಳೆಯದು.

ವಿಡಿಯೊದ ಆರಂಭದ ಬಗ್ಗೆಯೂ ಹೇಳಬೇಕು. ಮೊದಲ ಒಂದು ನಿಮಿಷ ಗೇಟು, ದಾರಿ, ನಮಸ್ಕಾರ, ಪರಿಚಯಗಳಲ್ಲಿಯೇ ಕಳೆಯುತ್ತದೆ. ಆದರೆ ಐದನೆಯ ನಿಮಿಷದಲ್ಲಿ ನೀವು ದ್ರಾವಣದಲ್ಲಿ ಚಾಕು ಅದ್ದಿ ಹೊರತೆಗೆದು, ಅಲಗಿನ ಮೇಲೆ ತಾಮ್ರದ ಕೆಂಪು ಬಣ್ಣ ಹಿಡಿದಿರುವುದನ್ನು ತೋರಿಸಿ, ಇನ್ನಷ್ಟು ಸುಣ್ಣದ ತಿಳಿ ಬೇಕೆಂದು ಹೇಳುತ್ತೀರಿ. ಇಡೀ ವಿಡಿಯೊದ ಜೀವ ಅಲ್ಲಿದೆ. ಆ ಹತ್ತು ಸೆಕೆಂಡುಗಳನ್ನು ಮೊದಲಿಗೆ ತಂದು, ಅದೇ ಚಾಕುವಿನ ಚಿತ್ರವನ್ನು ಥಂಬ್‌ನೇಲ್ (ವಿಡಿಯೊ ತೆರೆಯುವ ಮೊದಲು ಕಾಣುವ ಚಿತ್ರ) ಆಗಿ ಇಡಿ. ಸ್ವಂತ ಥಂಬ್‌ನೇಲ್ ಹಾಕುವುದಕ್ಕೂ, 15 ನಿಮಿಷಕ್ಕಿಂತ ಉದ್ದದ ವಿಡಿಯೊ ಏರಿಸುವುದಕ್ಕೂ ಯೂಟ್ಯೂಬ್‌ನಲ್ಲಿ ಫೋನ್ ಸಂಖ್ಯೆಯನ್ನು ಒಮ್ಮೆ ದೃಢೀಕರಿಸಿದರೆ ಸಾಕು, ಶುಲ್ಕವಿಲ್ಲ.

ಕಾಲವೂ ಮುಖ್ಯ. ಮುಂಗಾರಿಗೆ ಮೊದಲಿನ ಸಿಂಪಡಣೆಯ ಮಾಹಿತಿ ಮೇ ತಿಂಗಳ ಆರಂಭದಲ್ಲಿಯೇ ಜನರ ಮುಂದಿರಬೇಕು, ಜುಲೈನ ಜಡಿಮಳೆಯಲ್ಲಿ ಹಾಕಿದರೆ ಆ ವರ್ಷಕ್ಕೆ ಅದರಿಂದ ಪ್ರಯೋಜನವಿಲ್ಲ. ಅರೇಬಿಕಾ ಕಾಫಿಯ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಕೀಟದ ಬಗ್ಗೆ ಹೇಳುವುದಾದರೆ ದುಂಬಿಗಳು ಹೊರಬರುವ ಏಪ್ರಿಲ್–ಮೇ ಹಾಗೂ ಅಕ್ಟೋಬರ್–ಡಿಸೆಂಬರ್ ಅವಧಿಗಳಿಗೆ ಸ್ವಲ್ಪ ಮುಂಚೆ ಹಾಕಬೇಕು. ಇನ್ನೊಂದು ಮಾತನ್ನು ನೀವು ಕೇಳದಿದ್ದರೂ ಹೇಳುತ್ತೇನೆ. ಔಷಧಿಯ ಪ್ರಮಾಣ ಹೇಳುವ ಯಾವ ವಿಡಿಯೊವನ್ನಾದರೂ ಪ್ರಕಟಿಸುವ ಮೊದಲು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿಯೋ, ಮೆಣಸಿನ ವಿಷಯವಾದರೆ ಅಪ್ಪಂಗಳದ ಸಂಶೋಧನಾ ಕೇಂದ್ರದಲ್ಲಿಯೋ ಒಮ್ಮೆ ವಿಚಾರಿಸಿ. ಬಹಳ ಜನರಿಗೆ ತಲುಪುವ ತಪ್ಪು ಅಳತೆ ಬಹಳ ತೋಟಗಳನ್ನು ಹಾಳು ಮಾಡುತ್ತದೆ.

ಮರುಪ್ರಶ್ನೆ (ಅದೇ ಸದಸ್ಯರು): ವಿವರಕ್ಕೆ ಧನ್ಯವಾದಗಳು ಮೇಡಂ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇರುವುದಿಲ್ಲ, ಸಿಗ್ನಲ್ಲೂ ಇರುವುದಿಲ್ಲ. ಸರಿಯಾದ ಕಾಲಕ್ಕೆ ಹಾಕುವುದು ಹೇಗೆ?

ಉತ್ತರ: ಚಾನೆಲ್ ನಿರ್ವಹಿಸಲು ಇರುವ ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರಕಟಣೆಯ ದಿನಾಂಕ ಮತ್ತು ಸಮಯವನ್ನು ಮೊದಲೇ ನಿಗದಿ ಮಾಡಬಹುದು. ಫೇಸ್‌ಬುಕ್ ಪೇಜ್ ಇದ್ದರೆ ಮೆಟಾ ಬಿಸಿನೆಸ್ ಸೂಟ್‌ನಲ್ಲಿಯೂ ಅದೇ ಸೌಲಭ್ಯ ಉಚಿತವಾಗಿದೆ. ಕುಶಾಲನಗರಕ್ಕೋ ಮಡಿಕೇರಿಗೋ ಬಂದಾಗ ನಾಲ್ಕಾರು ವಿಡಿಯೊಗಳನ್ನು ಒಟ್ಟಿಗೆ ಏರಿಸಿ, ವಾರಕ್ಕೊಂದರಂತೆ ದಿನಾಂಕ ಕೊಟ್ಟುಬಿಡಿ. ಆ ದಿನ ನಿಮ್ಮ ಫೋನ್ ಆಫ್ ಆಗಿದ್ದರೂ ವಿಡಿಯೊ ಪ್ರಕಟವಾಗುತ್ತದೆ.

ಪ್ರಶ್ನೆ (ಸೋಮವಾರಪೇಟೆಯ ನಿವೃತ್ತ ಶಿಕ್ಷಕರು): ನಾನು ಊರಿನ ಇತಿಹಾಸದ ಬಗ್ಗೆ ಲೇಖನಗಳನ್ನು ಬರೆದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದೇನೆ. ಅದನ್ನು ಫೇಸ್‌ಬುಕ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಹಾಗಾಗಿ ಪುಟಗಳ ಫೋಟೊ ತೆಗೆದು ಹಾಕುತ್ತಿದ್ದೇನೆ. ಇದು ಸರಿಯಾದ ಕ್ರಮವೇ?

ಉತ್ತರ: ಗುರುಗಳೇ, ಫೋಟೊ ಹಾಕಿದರೆ ಓದಬಹುದು, ಆದರೆ ಹುಡುಕಿದಾಗ ಸಿಗುವುದು ಬಹಳ ಕಷ್ಟ. ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುವುದೂ ಕಷ್ಟ. ನಿಮ್ಮ ಕಡತ ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿದೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಅದನ್ನು ಎಲ್ಲ ಫೋನ್, ಕಂಪ್ಯೂಟರುಗಳಲ್ಲಿಯೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಲಕರಣೆಗಳು ಆನ್‌ಲೈನ್‌ನಲ್ಲಿ ಇವೆ, ‘ನುಡಿಯಿಂದ ಯೂನಿಕೋಡ್’ ಎಂದು ಹುಡುಕಿದರೆ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ, ಮುಖ್ಯವಾಗಿ ಇಸವಿಗಳನ್ನು. ಮುಂದಿನ ಲೇಖನಗಳನ್ನು ನೇರವಾಗಿ ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿಸಿ, ನುಡಿಯ ಈಚಿನ ಆವೃತ್ತಿಗಳಲ್ಲಿ ಅದಕ್ಕೆ ಅವಕಾಶವಿದೆ.

ಪೂರ್ಣ ಲೇಖನಕ್ಕೆ ಫೇಸ್‌ಬುಕ್‌ಗಿಂತ ಬ್ಲಾಗರ್ ಅಥವಾ ವರ್ಡ್‌ಪ್ರೆಸ್‌ನ ಉಚಿತ ಪುಟ ಮೇಲು, ಏಕೆಂದರೆ ಅಲ್ಲಿ ಪ್ರತಿ ಲೇಖನಕ್ಕೂ ಬದಲಾಗದ ಒಂದು ವಿಳಾಸವಿರುತ್ತದೆ ಮತ್ತು ಖಾತೆಯಿಲ್ಲದವರೂ ಓದಬಹುದು. ಫೇಸ್‌ಬುಕ್‌ನಲ್ಲಿ ಒಂದು ಸೊಗಸಾದ ಭಾಗವನ್ನೂ ಲಿಂಕನ್ನೂ ಕೊಡಿ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನನಗೆ ಇದು ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಉಚಿತ ಸೇವೆ ಎಂದರೆ ಬೇರೆಯವರ ಜಾಗದಲ್ಲಿ ಹಾಕಿದ ಚಪ್ಪರ. ಗೂಗಲ್ ಪ್ಲಸ್ ಎಂಬ ಸಾಮಾಜಿಕ ಜಾಲತಾಣ 2019ರ ಏಪ್ರಿಲ್‌ನಲ್ಲಿ ಮುಚ್ಚಿತು, ಅಲ್ಲಿ ಬರೆದದ್ದೆಲ್ಲ ಅಳಿಸಿಹೋಯಿತು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ, ಅಲ್ಲಿ ಮಾತ್ರ ವಿಡಿಯೊ ಇಟ್ಟಿದ್ದವರಿಗೆ ತಮ್ಮ ಅಭಿಮಾನಿಗಳನ್ನು ತಲುಪುವ ದಾರಿಯೇ ಉಳಿಯಲಿಲ್ಲ. ಅಂಗಡಿಗಳ ವಿವರವನ್ನು ಗೂಗಲ್‌ನಲ್ಲಿ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಉಚಿತವಾಗಿ ಸಿಗುತ್ತಿದ್ದ ಪುಟ್ಟ ಜಾಲತಾಣಗಳನ್ನೂ 2024ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. ಹಾಗಾಗಿ ಮೂಲ ಲೇಖನ, ಮೂಲ ಫೋಟೊ, ಮೂಲ ವಿಡಿಯೊ ಮೂರೂ ನಿಮ್ಮ ಬಳಿ ಇರಲೇಬೇಕು. ಗೂಗಲ್ ಖಾತೆಯಲ್ಲಿರುವುದನ್ನು ‘ಗೂಗಲ್ ಟೇಕ್‌ಔಟ್’ ಮೂಲಕ ಆಗಾಗ ಇಳಿಸಿಟ್ಟುಕೊಳ್ಳಿ, ಅದಕ್ಕೆ ಹಣ ಕೊಡಬೇಕಾಗಿಲ್ಲ.

ಪ್ರಶ್ನೆ (ವಿರಾಜಪೇಟೆ ತಾಲ್ಲೂಕಿನ ಸ್ವಸಹಾಯ ಸಂಘದ ಸದಸ್ಯೆ): ಅಕ್ಕ, ನಾವು ಜೇನುತುಪ್ಪ, ಕಾಚಂಪುಳಿ (ಅಡುಗೆಗೆ ಬಳಸುವ ಕೊಡಗಿನ ಗಟ್ಟಿ ಹುಳಿರಸ), ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಬಾಟಲಿಯ ಲೇಬಲ್ ಮೇಲೆ ಕ್ಯೂಆರ್ ಕೋಡ್ ಹಾಕಿಸಿದ್ದೆವು. ಮೂರು ವಾರಗಳ ನಂತರ ಅದನ್ನು ಸ್ಕ್ಯಾನ್ ಮಾಡಿದರೆ ‘ಹಣ ಪಾವತಿಸಿ’ ಎಂದು ಬರುತ್ತಿದೆ. ಐನೂರು ಲೇಬಲ್ ಉಳಿದಿವೆ. ಏನು ಮಾಡುವುದು?

ಉತ್ತರ: ಹೀಗಾದದ್ದಕ್ಕೆ ಬೇಸರವಾಗುತ್ತದೆ. ಕ್ಯೂಆರ್ ಕೋಡ್‌ಗಳಲ್ಲಿ ಎರಡು ಬಗೆ. ಸ್ಥಿರ ಕೋಡ್‌ನಲ್ಲಿ ನಿಮ್ಮ ಲಿಂಕ್ ಚೌಕಗಳ ಒಳಗೇ ಇರುತ್ತದೆ, ಅದಕ್ಕೆ ಅವಧಿ ಎಂಬುದಿಲ್ಲ. ಡೈನಾಮಿಕ್ ಕೋಡ್‌ನಲ್ಲಿ ಇರುವುದು ಕೋಡ್ ಮಾಡಿಕೊಟ್ಟ ಕಂಪನಿಯ ವಿಳಾಸ, ಅವರು ಅಲ್ಲಿಂದ ನಿಮ್ಮ ಪುಟಕ್ಕೆ ದಾಟಿಸುತ್ತಾರೆ, ಪ್ರಾಯೋಗಿಕ ಅವಧಿ ಮುಗಿದಾಗ ದಾಟಿಸುವುದನ್ನು ನಿಲ್ಲಿಸುತ್ತಾರೆ. ನಿಮಗೆ ಸಿಕ್ಕಿದ್ದು ಎರಡನೆಯದು. ಉಳಿದ ಲೇಬಲ್‌ಗಳನ್ನು ಎಸೆಯಬೇಡಿ, ಹಳೆಯ ಕೋಡ್ ಮೇಲೆ ಅಂಟಿಸುವ ಅಳತೆಯ ಸಣ್ಣ ಸ್ಟಿಕ್ಕರ್ ಮುದ್ರಿಸಿದರೆ ಸಾಕು.

ಹೊಸ ಕೋಡನ್ನು ಕ್ರೋಮ್ ಬ್ರೌಸರ್‌ನಲ್ಲಿಯೇ ಮಾಡಬಹುದು. ನಿಮ್ಮ ಪುಟ ತೆರೆದು, ಹಂಚುವ ಆಯ್ಕೆಯೊಳಗೆ ಹೋದರೆ ಕ್ಯೂಆರ್ ಕೋಡ್ ರಚಿಸುವ ಅವಕಾಶವಿದೆ, ಅದು ಸ್ಥಿರ ಕೋಡ್. ಬೇರೆ ಸಲಕರಣೆ ಬಳಸುವುದಾದರೆ ‘ಎರರ್ ಕರೆಕ್ಷನ್’ ಎಂಬಲ್ಲಿ ‘ಎಚ್’ ಮಟ್ಟ ಆರಿಸಿಕೊಳ್ಳಿ. ಆಗ ಕೋಡ್‌ನ ಸುಮಾರು ಶೇ. 30ರಷ್ಟು ಭಾಗ ಹಾಳಾದರೂ ಫೋನ್ ಓದುತ್ತದೆ. ಜುಲೈ ತಿಂಗಳ ತೇವದಲ್ಲಿ ಕಾಗದದ ಲೇಬಲ್ ಮೆತ್ತಗಾಗಿ ಶಾಯಿ ಹರಡುವ ನಮ್ಮ ಊರಿಗೆ ಇದು ಬೇಕೇ ಬೇಕು. ಎಲ್ಲವನ್ನೂ ಮುದ್ರಿಸುವ ಮೊದಲು ಒಂದನ್ನು ಮಾತ್ರ ಮುದ್ರಿಸಿ, ಬಾಟಲಿಯ ಉಬ್ಬಿದ ಮೈಗೆ ಅಂಟಿಸಿ, ಎರಡು ಮೂರು ಬೇರೆ ಬೇರೆ ಫೋನ್‌ಗಳಲ್ಲಿ ಪರೀಕ್ಷಿಸಿ.

ಆ ಕೋಡ್ ಎಲ್ಲಿಗೆ ಹೋಗಬೇಕು ಎಂಬುದನ್ನೂ ಯೋಚಿಸಿ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಉಚಿತವಾಗಿದ್ದು, ಅದರಲ್ಲಿ ವಸ್ತುಗಳ ಚಿತ್ರ ಮತ್ತು ಬೆಲೆಯ ಕ್ಯಾಟಲಾಗ್ ಮಾಡಬಹುದು. ಆದರೆ ಸಂಘದ ಸಂಖ್ಯೆ ಬದಲಾದರೆ ಲೇಬಲ್‌ಗಳೆಲ್ಲ ವ್ಯರ್ಥ. ಅದಕ್ಕಾಗಿ ಒಂದು ಪುಟ್ಟ ಬ್ಲಾಗರ್ ಪುಟ ಮಾಡಿ, ಕೋಡ್ ಆ ಪುಟಕ್ಕೆ ಹೋಗಲಿ, ಪುಟದಲ್ಲಿ ವಾಟ್ಸಾಪ್ ಲಿಂಕ್ ಇರಲಿ. ಜೇನು ಯಾವ ಕಡೆಯದು, ಕಾಚಂಪುಳಿಯನ್ನು ಅಡುಗೆಗೆ ಎಷ್ಟು ಹಾಕಬೇಕು ಎಂಬುದನ್ನೂ ಅಲ್ಲಿ ಬರೆಯಿರಿ. ಬೆಂಗಳೂರಿನಿಂದ ಬಂದು ಮೊದಲ ಸಲ ಕೊಂಡವರು ಪಂದಿಕರಿಗೆ ಅದನ್ನು ಹುಣಸೆರಸದಂತೆ ಧಾರಾಳವಾಗಿ ಸುರಿದರೆ ಮತ್ತೆ ನಿಮ್ಮ ಬಾಟಲಿ ಕೇಳುವುದಿಲ್ಲ. ಆಹಾರ ವಸ್ತುವಾದ್ದರಿಂದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಸಂಖ್ಯೆ ಲೇಬಲ್ ಮೇಲೆ ಇರಲೇಬೇಕು, ಪುಟದಲ್ಲಿಯೂ ಇದ್ದರೆ ನಂಬಿಕೆ ಹೆಚ್ಚುತ್ತದೆ.

ಮರುಪ್ರಶ್ನೆ (ಅದೇ ಸದಸ್ಯೆ): ಗೂಗಲ್ ಮ್ಯಾಪ್‌ನಲ್ಲಿ ನಮ್ಮ ಮಳಿಗೆ ಬರಬೇಕು. ಒಳ್ಳೆಯ ರಿವ್ಯೂ ಬರೆದವರಿಗೆ ಹತ್ತು ರೂಪಾಯಿ ಕಡಿಮೆ ಮಾಡಿಕೊಡೋಣ ಎಂದು ಕೆಲವರು ಹೇಳುತ್ತಿದ್ದಾರೆ.

ಉತ್ತರ: ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಫೋನ್ ಮಾಡಿ ‘ಗೂಗಲ್‌ನಿಂದ ಮಾತನಾಡುತ್ತಿದ್ದೇವೆ, ನೋಂದಣಿಗೆ ಶುಲ್ಕ ಕಟ್ಟಿ’ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ದೃಢೀಕರಣಕ್ಕೆ ಈಗ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ. ರಸ್ತೆ, ಬೋರ್ಡು, ಮಳಿಗೆಯ ಒಳಭಾಗ, ನೀವು ಬೀಗ ತೆರೆಯುವುದು ಇವೆಲ್ಲ ಒಂದೇ ಓಟದಲ್ಲಿ ಕಾಣುವಂತೆ ಚಿತ್ರೀಕರಿಸಿ. ಬೋರ್ಡಿನ ಮೇಲಿರುವ ಹೆಸರನ್ನೇ ಕೊಡಿ, ಹೆಸರಿನ ಜೊತೆ ‘ಕೂರ್ಗ್ ಅತ್ಯುತ್ತಮ ಶುದ್ಧ ಜೇನು’ ಎಂದೆಲ್ಲ ಸೇರಿಸುವುದು ನಿಯಮಕ್ಕೆ ವಿರುದ್ಧ. ರಿಯಾಯಿತಿ ಕೊಟ್ಟು ರಿವ್ಯೂ ಬರೆಸುವುದಕ್ಕೂ ಅವಕಾಶವಿಲ್ಲ, ಗೊತ್ತಾದರೆ ರಿವ್ಯೂಗಳನ್ನು ತೆಗೆದುಹಾಕುತ್ತಾರೆ. ಕೊಂಡು ಹೋದವರಿಗೆ ಲಿಂಕ್ ಕಳುಹಿಸಿ, ಅನಿಸಿದ್ದನ್ನು ಬರೆಯಿರಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ದೂರು ಬರೆದವರಿಗೂ ಮರ್ಯಾದೆಯಿಂದ ಉತ್ತರಿಸಿ, ಮುಂದಿನ ಗಿರಾಕಿ ಅದನ್ನು ಓದುತ್ತಾನೆ.

ಪ್ರಶ್ನೆ (ಪೊನ್ನಂಪೇಟೆಯ ಸದಸ್ಯರು): ವಾಟ್ಸಾಪ್‌ನಲ್ಲಿ ಗುಂಪು, ಬ್ರಾಡ್‌ಕಾಸ್ಟ್, ಚಾನೆಲ್ ಮೂರರಲ್ಲಿ ಯಾವುದು ಒಳ್ಳೆಯದು?

ಉತ್ತರ: ಚರ್ಚೆ ಬೇಕಾದರೆ ಗುಂಪು. ಒಂದೇ ಸಂದೇಶವನ್ನು ಹಲವರಿಗೆ ಪ್ರತ್ಯೇಕವಾಗಿ ಕಳುಹಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಗೆ ಮಿತಿ ಇದೆ, ನಿಮ್ಮ ಸಂಖ್ಯೆಯನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಮಾಹಿತಿ ಕೊಡುವುದು ಮಾತ್ರ ಉದ್ದೇಶವಾದರೆ ಚಾನೆಲ್, ಅದರಲ್ಲಿ ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಮಹಿಳೆಯರು ಹೆಚ್ಚಾಗಿರುವ ಕಡೆ ನಾನು ಚಾನೆಲ್ ಅನ್ನೇ ಸೂಚಿಸುತ್ತೇನೆ.

ಪ್ರಶ್ನೆ (ಭಾಗಮಂಡಲ ಸಮೀಪದ ಪದವಿ ವಿದ್ಯಾರ್ಥಿ): ಮೇಡಂ, ನಮ್ಮ ಊರಿನ ಹಿರಿಯರು ಹಾಡುವ ಅರೆಭಾಷೆಯ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡುತ್ತಿದ್ದೇನೆ. ಮದುವೆ ಮನೆಯಲ್ಲಿ ಮಾಡಿದ ಒಂದು ವಿಡಿಯೊಗೆ ಯೂಟ್ಯೂಬ್‌ನಿಂದ ಕಾಪಿರೈಟ್ ಸೂಚನೆ ಬಂದಿದೆ. ಹಳೆಯ ಜನಪದ ಹಾಡಿಗೆ ಕಾಪಿರೈಟ್ ಹೇಗೆ ಬರುತ್ತದೆ?

ಉತ್ತರ: ಸೂಚನೆಯನ್ನು ಪೂರ್ತಿ ತೆರೆದು ನೋಡಿ, ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಎಂದು ಅದರಲ್ಲಿ ಇರುತ್ತದೆ. ಮದುವೆ ಮನೆಯ ಧ್ವನಿವರ್ಧಕದಲ್ಲಿ ಹಿನ್ನೆಲೆಗೆ ಸಿನಿಮಾ ಹಾಡು ಬರುತ್ತಿದ್ದರೆ ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ಅದನ್ನು ತಾನಾಗಿಯೇ ಗುರುತಿಸುತ್ತದೆ. ಆ ಭಾಗವನ್ನು ಮಾತ್ರ ಸ್ಟುಡಿಯೊದ ಎಡಿಟರ್‌ನಲ್ಲಿ ಕತ್ತರಿಸಬಹುದು. ಮುಂದೆ ಹಿನ್ನೆಲೆ ಸಂಗೀತ ಬೇಕಾದರೆ ಯೂಟ್ಯೂಬ್ ಆಡಿಯೊ ಲೈಬ್ರರಿಯಿಂದ ಉಚಿತವಾಗಿ ತೆಗೆದುಕೊಳ್ಳಿ, ಆದರೆ ಸೋಬಾನೆಗೆ ಹಿನ್ನೆಲೆ ಸಂಗೀತ ಸೇರಿಸಬೇಡಿ ಎಂದು ನನ್ನ ಪ್ರಾಮಾಣಿಕ ವಿನಂತಿ. ಅಜ್ಜಿಯರ ದನಿಯೇ ಸಾಕು.

ಹಾಡು ಸಂಪ್ರದಾಯದ್ದಾದರೂ ಹಾಡಿದವರಿಗೆ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಡುಗಾರರಿಗೆ ಪ್ರದರ್ಶಕರ ಹಕ್ಕನ್ನು ಕೊಡುತ್ತದೆ. ಎಲ್ಲಿ ಹಾಕುತ್ತೀರಿ, ಯಾರು ಕೇಳುತ್ತಾರೆ, ಅದರಿಂದ ಹಣ ಬಂದರೆ ಏನು ಮಾಡುತ್ತೀರಿ ಎಂಬುದನ್ನು ಅವರಿಗೆ ಅರೆಭಾಷೆಯಲ್ಲಿಯೇ ವಿವರಿಸಿ, ಒಪ್ಪಿಗೆಯ ಮಾತನ್ನು ಅದೇ ರೆಕಾರ್ಡಿಂಗ್‌ನಲ್ಲಿ ಸೇರಿಸಿಕೊಳ್ಳಿ. ವಿವರಣೆಯಲ್ಲಿ ಹಾಡಿದವರು ಒಪ್ಪಿದರೆ ಅವರ ಹೆಸರು, ಊರು, ರೆಕಾರ್ಡ್ ಮಾಡಿದ ವರ್ಷ, ಶಾಸ್ತ್ರದ ಯಾವ ಹಂತದಲ್ಲಿ ಹಾಡುವ ಪದ ಎಂಬುದು ಇರಲಿ, ಹಾಡಿನ ಪೂರ್ಣ ಪಾಠವನ್ನೂ ಟೈಪ್ ಮಾಡಿ. ಮಡಿಕೇರಿಯಲ್ಲಿ ಕರ್ನಾಟಕ ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ ಇದೆ, ಪಾಠದಲ್ಲಿ ಸಂಶಯವಿದ್ದರೆ ಅಲ್ಲಿ ವಿಚಾರಿಸಬಹುದು.

ವಿಕಿಪೀಡಿಯದ ಚಿತ್ರ, ಧ್ವನಿ, ವಿಡಿಯೊಗಳ ಭಂಡಾರವಾದ ವಿಕಿಮೀಡಿಯಾ ಕಾಮನ್ಸ್‌ಗೆ ಹಾಕುವ ಯೋಚನೆಯಿದ್ದರೆ ಒಂದು ವಿಷಯ ತಿಳಿದಿರಲಿ. ಅಲ್ಲಿಗೆ ಕೊಟ್ಟದ್ದನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ ಸೇರಿದಂತೆ, ಬಳಸಬಹುದು, ಆ ಪರವಾನಗಿಯನ್ನು ಆಮೇಲೆ ಹಿಂದಕ್ಕೆ ಪಡೆಯಲಾಗದು. ಹಾಡಿದವರು ಇದಕ್ಕೆ ಮನಸ್ಸಿನಿಂದ ಒಪ್ಪದಿದ್ದರೆ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಆನ್‌ಲೈನ್ ಸಂಗ್ರಹದಲ್ಲಿ ಇಡಿ, ಅಲ್ಲಿ ಪರವಾನಗಿಯನ್ನು ನೀವೇ ಆರಿಸಬಹುದು.

ಮರುಪ್ರಶ್ನೆ (ಅದೇ ವಿದ್ಯಾರ್ಥಿ): ಮೂಲ ಫೈಲ್‌ಗಳು ತುಂಬಾ ದೊಡ್ಡವು. ಗೂಗಲ್ ಡ್ರೈವ್ ಸಾಕಾಗುವುದೇ?

ಉತ್ತರ: ಉಚಿತ ಖಾತೆಯ 15 ಜಿಬಿ ಜಾಗ ಜಿಮೇಲ್, ಡ್ರೈವ್, ಫೋಟೊಸ್ ಮೂರಕ್ಕೂ ಸೇರಿ ಇರುವುದು, ವಿಡಿಯೊಗಳಿಗೆ ಸಾಲದು. ಡ್ರೈವ್‌ನಲ್ಲಿ ಧ್ವನಿಯ ಫೈಲ್‌ಗಳನ್ನು ಮಾತ್ರ ಇಡಿ. ವಿಡಿಯೊಗಳನ್ನು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಟ್ಟು, ಒಂದನ್ನು ನಿಮ್ಮ ಮನೆಯಲ್ಲಿ, ಇನ್ನೊಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿ ಇರಿಸಿ. ಎರಡನ್ನೂ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಯಾರಿಗಾದರೂ ಫೈಲ್ ಕಳುಹಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಿ, ವಿಡಿಯೊ ಆಗಿ ಕಳುಹಿಸಿದರೆ ಗುಣಮಟ್ಟ ಕುಗ್ಗುತ್ತದೆ.