ಮತದಾರರ ಪಟ್ಟಿ: ಅರ್ಧಕ್ಕೆ ನಿಂತ ಅರ್ಜಿಗಳನ್ನು ಮುಗಿಸೋಣ

ಸಂಘದ ಕಾರ್ಯದರ್ಶಿ: ನಮಸ್ಕಾರ. ಕಾರವಾರದ ನಮ್ಮ ಬಡಾವಣೆಯಲ್ಲಿ ಆನ್‌ಲೈನ್ ಅರ್ಜಿ ಹಾಕಿದ್ದೇವೆ ಅನ್ನುವ ಎಷ್ಟೋ ಜನರ ಹೆಸರು ಪಟ್ಟಿಗೆ ಬಂದೇ ಇಲ್ಲ. ಮನೆಮನೆಗೆ ಹೋಗುವವರು ‘ಅರ್ಜಿ ಹಾಕಿದ್ರಾ’ ಅಂತ ಕೇಳಬೇಡಿ, ಅರ್ಜಿ ಸಲ್ಲಿಕೆ ಆದಾಗ ಬರುವ ರೆಫರೆನ್ಸ್ ನಂಬರ್ ಕೇಳಿ. ನಂಬರ್ ಇಲ್ಲ ಅಂದರೆ ಅರ್ಜಿ ಹೋಗಿಲ್ಲ. ಭಾಗಭಾಗ ತುಂಬಿ ‘ಸೇವ್’ ಒತ್ತಿದ್ದು ಬರೀ ಕರಡು. ಕೊನೆಗೆ ‘ಸಬ್‌ಮಿಟ್’ ಆಗಲೇಬೇಕು.

ಸೈಬರ್ ಅಂಗಡಿ: ಹೆಚ್ಚಿನವರು ನಿಲ್ಲೋದು ಇ-ಸಹಿ, ಅಂದರೆ ಆಧಾರ್ ಓಟಿಪಿಯಿಂದ ಸಹಿ ಮಾಡುವ ಹಂತದಲ್ಲಿ. ಅಲ್ಲಿಯ ಓಟಿಪಿ ಲಾಗಿನ್ ಮಾಡಿದ ಮೊಬೈಲಿಗಲ್ಲ, ಆಧಾರ್‌ಗೆ ಜೋಡಿಸಿದ ನಂಬರಿಗೆ ಬರ್ತದೆ. ಆ ಸಿಮ್ ಬಂದ್ ಆಗಿದ್ದರೆ ಎಷ್ಟು ಸಲ ಒತ್ತಿದರೂ ಪ್ರಯೋಜನ ಇಲ್ಲ. ಮೊದಲು ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಿ. ತಡ ಆಗುತ್ತದೆ ಅನ್ನಿಸಿದರೆ ಹೊಸದಾಗಿ ಹೆಸರು ಸೇರಿಸುವ ನಮೂನೆ 6ನ್ನು ಕಾಗದದಲ್ಲೇ ತುಂಬಿ ಮತಗಟ್ಟೆ ಮಟ್ಟದ ಅಧಿಕಾರಿಯಾದ ಬಿಎಲ್‌ಒ ಕೈಗೆ ಕೊಡಿ, ಅದೂ ಅಷ್ಟೇ ಸಿಂಧು. ಇನ್ನೊಂದು: ಫೋಟೋ, ದಾಖಲೆ ಎರಡೂ 2 ಎಂಬಿ ಒಳಗಿರಬೇಕು. ಮೊಬೈಲಲ್ಲಿ ನೇರ ತೆಗೆದ ಚಿತ್ರ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಕುಗ್ಗಿಸಿಯೇ ಹಾಕಿ.

ಅಕ್ಕೋರು, 2ನೇ ಅಡ್ಡರಸ್ತೆ: ಹೆಸರಿನ ಕಡೆ ಗಮನ ಕೊಡಿ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಕೂಡಲೇ ಕೆಳಗೆ ಕನ್ನಡ ತಾನಾಗಿ ಮೂಡುತ್ತದೆ. ನಾಯ್ಕ ಇದ್ದದ್ದು ನಾಯಕ್ ಆಗಬಹುದು, ಗಾಂವಕರ ಅಂತೂ ಏನೇನೋ ಆಗಬಹುದು. ಆ ಕನ್ನಡದ ಚೌಕವನ್ನು ಕೈಯಾರೆ ತಿದ್ದಲು ಬರುತ್ತದೆ. ಸಬ್‌ಮಿಟ್ ಆದ ಮೇಲೆ ತಿದ್ದಬೇಕೆಂದರೆ ನಮೂನೆ 8 ಬೇರೆ ಹಾಕಬೇಕು.

ಬಾಡಿಗೆದಾರರು, 4ನೇ ಅಡ್ಡರಸ್ತೆ: ಕರೆಂಟ್ ಬಿಲ್ ಮಾಲೀಕರ ಹೆಸರಲ್ಲಿದೆ. ನಡೀತದಾ?

ಮಾಸ್ತರು: ಇಲ್ಲ. ಬಿಲ್ ನಿಮ್ಮ ಹೆಸರಲ್ಲಿರಬೇಕು, ಇಲ್ಲವೇ ಅದೇ ವಿಳಾಸದಲ್ಲಿ ಈಗಾಗಲೇ ಮತದಾರರಾಗಿರುವ ತಂದೆ-ತಾಯಿ, ಗಂಡ, ಹೆಂಡತಿ ಅಥವಾ ವಯಸ್ಕ ಮಗ-ಮಗಳ ಹೆಸರಲ್ಲಿರಬೇಕು. ಈ ವಿಳಾಸದ ಆಧಾರ್, ಬ್ಯಾಂಕ್ ಪಾಸ್‌ಬುಕ್ ಅಥವಾ ನೋಂದಾಯಿತ ಬಾಡಿಗೆ ಕರಾರು ಆಗ್ತದೆ. ಯಾವುದೂ ಇಲ್ಲದಿದ್ದರೂ ಅರ್ಜಿ ಬಿಡಬೇಡಿ, ಬಿಎಲ್‌ಒ ಸ್ಥಳ ಪರಿಶೀಲನೆ ಮಾಡ್ತಾರೆ.

ಆ ಪರಿಶೀಲನೆಯಲ್ಲೇ ಎಷ್ಟೋ ಅರ್ಜಿ ಬೀಳೋದು. ‘ಕಾರವಾರ’ ಅಂತ ಮಾತ್ರ ಬರೆದರೆ ಬಿಎಲ್‌ಒ ಎಲ್ಲಿ ಹುಡುಕಬೇಕು? ನಗರಸಭೆಯ ಮನೆ ನಂಬರ್, ಅಡ್ಡರಸ್ತೆ, ಹತ್ತಿರದ ಗುರುತು ಮೂರೂ ಬರೆಯಿರಿ. ಗೋವಾ ಕಡೆ ಕೆಲಸಕ್ಕೆ ಹೋಗುವವರ ಮನೆ ಹಗಲಿಡೀ ಬೀಗ. ಪಕ್ಕದ ಮನೆಯವರಿಗೆ ಹೇಳಿಡಿ, ದಾಖಲೆಯ ಪ್ರತಿಯನ್ನೂ ಅಲ್ಲೇ ಕೊಟ್ಟಿರಿ.

3ನೇ ಅಡ್ಡರಸ್ತೆ: ಮಾಸ್ತರೇ, ನಮ್ಮ ತಮ್ಮನ ಹೆಸರು ಗೋವಾದ ಮಡಗಾಂವ್ ಪಟ್ಟಿಯಲ್ಲಿದೆ. ಇಲ್ಲಿ ಹೊಸದಾಗಿ ನಮೂನೆ 6 ಹಾಕಿಸಲಾ?

ಮಾಸ್ತರು: ಬೇಡವೇ ಬೇಡ. ನಮೂನೆ 6 ಮೊದಲ ಸಲ ಸೇರುವವರಿಗೆ. ಅವನು ನಮೂನೆ 8ರಲ್ಲಿ ‘ವಾಸಸ್ಥಳ ಬದಲಾವಣೆ’ ಆರಿಸಲಿ, ರಾಜ್ಯ ಬೇರೆಯಾದರೂ ಅದೇ. ಎರಡು ಕಡೆ ಹೆಸರು ಇರಬಾರದು. ಸುಳ್ಳು ಘೋಷಣೆಗೆ 1950ರ ಜನಪ್ರತಿನಿಧಿ ಕಾಯ್ದೆಯ 31ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ ಆಗಬಹುದು. ಇಲ್ಲಿಯ ವಿಧಾನಸಭಾ ಕ್ಷೇತ್ರ 77, ಕಾರವಾರ. ಅಂಕೋಲಾದವರಿಗೂ ಇದೇ.

ಅಕ್ಕೋರು: ಕಾಲೇಜು ಮಕ್ಕಳಿಗೆ ಹೇಳಿ, 17 ತುಂಬಿದರೆ ಮುಂಗಡ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ಈ ನಾಲ್ಕರಲ್ಲಿ ಯಾವ ದಿನಕ್ಕೆ 18 ತುಂಬಿರುತ್ತದೋ ಅದರ ಲೆಕ್ಕಕ್ಕೆ ಸೇರ್ತಾರೆ. ಚುನಾವಣೆ ಘೋಷಣೆ ಆಗಲಿ ಅಂತ ಕಾಯೋದು ಬೇಡ. ನಾಮಪತ್ರದ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಹೆಸರು ಸೇರೋದಿಲ್ಲ.

ಸಂಘದ ಕಾರ್ಯದರ್ಶಿ: ರವಿವಾರ ಬೆಳಿಗ್ಗೆ 10ಕ್ಕೆ ಸಂಘದ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಡ್ತೇವೆ. ಆಧಾರ್, ಅದಕ್ಕೆ ಜೋಡಿಸಿದ ಸಿಮ್ ಇರುವ ಫೋನ್, ಬಿಳಿ ಹಿನ್ನೆಲೆಯ ಫೋಟೋ, ಮನೆಯಲ್ಲೊಬ್ಬರ ಮತದಾರರ ಚೀಟಿ ತನ್ನಿ. ಬಂದ ರೆಫರೆನ್ಸ್ ನಂಬರನ್ನು ಒಂದು ವಹಿಯಲ್ಲಿ ಬರೆದು ವಾರಕ್ಕೊಮ್ಮೆ ಸ್ಥಿತಿ ನೋಡ್ತೇವೆ. ತಿರಸ್ಕೃತ ಅಂತ ಬಂದರೆ ಕಾರಣ ಓದಿ. 15 ದಿನದೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿಗೆ ಅವಕಾಶ ಇದೆ. 1ನೇ, 2ನೇ ಅಡ್ಡರಸ್ತೆ ಅಕ್ಕೋರು, 3ನೇದು ಮಾಸ್ತರು. 4ನೇದಕ್ಕೆ ಯಾರು?

ಬಾಡಿಗೆದಾರರು, 4ನೇ ಅಡ್ಡರಸ್ತೆ: ನಾನು ಹೋಗ್ತೇನೆ. ಸಂಜೆ 7ರ ಮೇಲೆ, ಎಲ್ಲರೂ ಮನೆಗೆ ಬಂದಿರ್ತಾರೆ.