ನೋವಿನ ಸೂಜಿ ಮಾಡಿಸಿ ಎತ್ತನ್ನು ಎಡೆಕುಂಟೆಗೆ ಹೂಡಬಹುದಾ?

ಮಸಾರಿ ಹೊಲ, ಕುಷ್ಟಗಿ ತಾಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಜೋಡಿಯಲ್ಲಿ ಬಲಗಡೆಯ ಎತ್ತು ಕುಂಟುತ್ತಿದೆ. ಮುಂದಿನ ಎಡಗಾಲು. ನಿಂತಾಗ ಆ ಕಾಲಿನ ಮೇಲೆ ಭಾರ ಹಾಕಲ್ಲ, ತುದಿ ಮಾತ್ರ ಊರುತ್ತದೆ. ಕಾರ ಹುಣ್ಣಿಮೆಯಲ್ಲಿ ಕರಿ ಹರಿಯುವಾಗ ಎಲ್ಲರಿಗಿಂತ ಮುಂದೆ ಓಡಿದ ಎತ್ತು ಇದು. ಭುಜ ಜಗ್ಗಿರಬೇಕು ಅಂತ ನನ್ನ ಅಂದಾಜು. ಮೇವು ತಿನ್ನುತ್ತಿದೆ, ಮೆಲುಕು ಹಾಕುತ್ತಿದೆ, ಆದರೆ ಸಂಜೆ ಹೊತ್ತಿಗೆ ಮಲಗಿಬಿಡುತ್ತದೆ.

ಹೆಸರು ಹೊಲದಲ್ಲಿ ಕಸ ಎದ್ದಿದೆ. ಹದ ಇರುವಾಗಲೇ ಎಡೆ ಹೊಡೆಯಬೇಕು. ಒಂದೇ ಎತ್ತಿನಿಂದ ಏನೂ ಆಗಲ್ಲ, ಬಾಡಿಗೆ ಎತ್ತು ಈ ಟೈಮಲ್ಲಿ ಯಾರು ಕೊಡುತ್ತಾರೆ? ಊರಿನ ಹತ್ತಿರದ ಮೆಡಿಕಲ್‌ನವರು ಮನುಷ್ಯರಿಗೆ ಹಾಕುವ ಡೈಕ್ಲೋಫೆನಾಕ್ ಸಣ್ಣ ಸಣ್ಣ ಸೀಸೆ ಕೊಟ್ಟು, "ಐದಾರು ಒಡೆದು ಒಂದೇ ಸಲ ಹಾಕಿಸು, ನಾಳೆ ಕುಂಟೆ ಹೊಡಿ" ಅಂದರು. ನಮ್ಮ ದೊಡ್ಡಪ್ಪ ಭುಜಕ್ಕೆ ಬರೆ ಎಳೆಸು ಅನ್ನುತ್ತಾರೆ. ಸೀಸೆ ತಂದಿಟ್ಟಿದ್ದೇನೆ, ಇನ್ನೂ ಹಾಕಿಸಿಲ್ಲ. ಸೂಜಿ ಮಾಡಿಸಿ ಎರಡು ದಿನ ದುಡಿಸಿಕೊಂಡು, ಆಮೇಲೆ ರೆಸ್ಟ್ ಕೊಟ್ಟರೆ ಆಗುತ್ತಾ?

ಕುರಿ ಹಟ್ಟಿ, ಲಿಂಗಸುಗೂರು

ಅಣ್ಣಾ, ನಾವು ಕುರಿಗೆ ಅದೇ ಸೀಸೆ ಹಾಕುತ್ತೇವೆ. ಜ್ವರ ಇಳಿಯುತ್ತದೆ, ಮರುದಿನ ಹಿಂಡಿನ ಜೊತೆ ಹೋಗುತ್ತವೆ. ಏನೂ ಆಗಲ್ಲ, ಸುಮ್ನೆ ಹಾಕಿಸಿ. ಆದರೆ ಬರೆ ಮಾತ್ರ ಬೇಡ, ಪಾಪ.

ದನದ ದವಾಖಾನೆ (ನಿವೃತ್ತ), ಬಳ್ಳಾರಿ

ಕುಷ್ಟಗಿ ತಮ್ಮಾ, ಸೀಸೆ ಒಡೆಯಬೇಡ. ಲಿಂಗಸುಗೂರಿನ ಯಜಮಾನರು ಬೇಜಾರು ಮಾಡಿಕೊಳ್ಳಬಾರದು, ನಿಮ್ಮ ಮಾತಿಗೂ ಬರುತ್ತೇನೆ.

ನೋವಿನ ಸೂಜಿ ಮಾಡುವ ಕೆಲಸ ಇಷ್ಟು. ಪೆಟ್ಟಾದ ಜಾಗದಲ್ಲಿ ಮೈ ಪ್ರೋಸ್ಟಗ್ಲಾಂಡಿನ್ ಅನ್ನುವ ವಸ್ತುವನ್ನು ತಯಾರಿಸುತ್ತದೆ. ಬಾವು, ಬಿಸಿ, ನೋವು, ಜ್ವರ ಎಲ್ಲಕ್ಕೂ ಅದರ ಕೈವಾಡ ಇದೆ. ಔಷಧಿ ಆ ತಯಾರಿಯನ್ನು ತಡೆಯುತ್ತದೆ. ಅದಕ್ಕೇ ಬಾವು ಇಳಿಯುತ್ತದೆ, ಎತ್ತು ಕಾಲು ಊರುತ್ತದೆ. ಆದರೆ ಹರಿದ ಸ್ನಾಯು ಹರಿದೇ ಇರುತ್ತದೆ. ಒಳಗೆ ಕೀವು ಇದ್ದರೆ ಕೀವು ಅಲ್ಲೇ ಇರುತ್ತದೆ. ಎತ್ತು ಕಾಲು ಎತ್ತಿ ನಿಲ್ಲುವುದು ಅದರ ಕಾವಲು. ನೀನು ಕಾವಲುಗಾರನಿಗೆ ನಿದ್ದೆ ಬರಿಸಿ ನೊಗ ಹೊರಿಸಿದರೆ, ಇವತ್ತು ಹದಿನೈದು ದಿನಕ್ಕೆ ಮಾಯುವುದು ಆಮೇಲೆ ಹಂಗಾಮು ಪೂರ್ತಿ ಮಾಯಲ್ಲ. ಎಡೆಕುಂಟೆ ಹಗುರ ಅನ್ನಬೇಡ. ಸಾಲಿನ ತುದಿಯಲ್ಲಿ ತಿರುಗುವಾಗ ಮುಂಗಾಲಿನ ಮೇಲೆ ಬೀಳುವ ಭಾರ ನಿನಗೆ ಮೇಣಿ ಹಿಡಿದಾಗ ಗೊತ್ತಾಗಲ್ಲ, ಅದಕ್ಕೆ ಗೊತ್ತಾಗುತ್ತದೆ.

ಹಾಗಂತ ಎತ್ತು ನೋವು ತಿನ್ನಲಿ ಅಂತ ನಾನು ಹೇಳುತ್ತಿಲ್ಲ. ನೋವು ಇದ್ದರೆ ಮೇವು ಬಿಡುತ್ತದೆ, ಮೈ ಇಳಿಯುತ್ತದೆ. ನೋವಿಗೆ ಔಷಧಿ ಕೊಡಲೇಬೇಕು. ಔಷಧಿ ಕೊಟ್ಟು ಮನೆಯಲ್ಲಿ ಕಟ್ಟಬೇಕು, ಹೊಲಕ್ಕೆ ಹೊಡೆಯಬಾರದು.

ಇನ್ನು ಯಾವ ಔಷಧಿ ಅನ್ನುವುದು. ಡೈಕ್ಲೋಫೆನಾಕ್ ಅನ್ನು ದನಗಳಿಗೆ ಬಳಸುವುದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಲ್ಲಿಸಿದ್ದಾರೆ. ಕಾರಣ ರಣಹದ್ದು. ಔಷಧಿ ಹಾಕಿಸಿಕೊಂಡ ದನ ಸತ್ತರೆ, ಆ ಹೆಣ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಸುಣ್ಣ ಬಳಿದ ಹಾಗೆ ಒಳಗಿನ ಅಂಗಗಳ ಮೇಲೆ ಕೂರುತ್ತದೆ. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿ 2004ರಲ್ಲಿ ಇದನ್ನು ತೋರಿಸಿದರು. ಬಿಳಿ ಬೆನ್ನಿನ ರಣಹದ್ದು 1992ರಿಂದ 2007ರ ಒಳಗೆ ನಮ್ಮಲ್ಲಿ ನೂರಕ್ಕೆ 99ಕ್ಕಿಂತ ಜಾಸ್ತಿ ಕಡಿಮೆಯಾಯಿತು. ನೂರು ಹೆಣದಲ್ಲಿ ಒಂದರಲ್ಲೂ ಔಷಧಿ ಇರಬೇಕಿಲ್ಲ, ಅದಕ್ಕಿಂತ ಕಡಿಮೆ ಇದ್ದರೂ ಇಷ್ಟು ಹಾನಿಗೆ ಸಾಕು ಅಂತ ಲೆಕ್ಕ ಹಾಕಿದ್ದಾರೆ. ಒಂದು ಹೆಣಕ್ಕೆ ಹಿಂಡು ಹಿಂಡಾಗಿ ಬಂದು ಕೂರುವ ಹಕ್ಕಿ ಅಲ್ವಾ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂಡೂರು ಕಡೆ ಸತ್ತ ಎಮ್ಮೆ ಎಸೆದರೆ ಹೊತ್ತು ಇಳಿಯುವಷ್ಟರಲ್ಲಿ ಎಲುಬು ಮಾತ್ರ ಇರುತ್ತಿತ್ತು. ಈಗ ಅಲ್ಲಿ ನಾಯಿ ಹಿಂಡು ಇದೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ನಾಲ್ಕಾರು ಹದ್ದಿಗೋಸ್ಕರ 2012ರಲ್ಲಿ ಧಾಮ ಮಾಡಬೇಕಾಯಿತು.

ದನಕ್ಕೆ ಮೆಲಾಕ್ಸಿಕ್ಯಾಂ ಇದೆ. ಹದ್ದಿಗೂ ತೊಂದರೆ ಇಲ್ಲ ಅಂತ ಪರೀಕ್ಷೆ ಮಾಡಿ ನೋಡಿದ ಔಷಧಿ. ಟಾಲ್ಫೆನಾಮಿಕ್ ಆಮ್ಲವೂ ಹಾಗೆಯೇ. ಇನ್ನು "ಇಷ್ಟು ಮಿಲಿ ಹಾಕಿ" ಅನ್ನುವ ಮಾತು ನಂಬಬೇಡ. ಮೆಲಾಕ್ಸಿಕ್ಯಾಂ ದನಕ್ಕೆ ಕೆಜಿ ತೂಕಕ್ಕೆ ಅರ್ಧ ಮಿಲಿಗ್ರಾಂ ಲೆಕ್ಕ. 400 ಕೆಜಿ ಎತ್ತಿಗೆ 200 ಮಿಲಿಗ್ರಾಂ. ಮಿಲಿಗೆ 5 ಮಿಲಿಗ್ರಾಂ ಇರುವ ಬಾಟಲಿ ಆದರೆ ಅದು 40 ಮಿಲಿ, ಮಿಲಿಗೆ 20 ಇರುವುದಾದರೆ ಬರೀ 10 ಮಿಲಿ. ಬಾಟಲಿ ಬೇರೆ ಆದರೆ ಅಳತೆ ನಾಲ್ಕು ಪಟ್ಟು ಬದಲಾಗುತ್ತದೆ. ಅದಕ್ಕೇ ನೋಡಿದ ಡಾಕ್ಟರೇ ಹಾಕಬೇಕು.

ಈಗ ನನ್ನ ಪ್ರಶ್ನೆ. ಭುಜ ಅಂತ ಹೇಗೆ ಗೊತ್ತಾಯಿತು? ಗೊರಸು ಮುಟ್ಟಿ ನೋಡಿದೆಯಾ? ಲಾಳ ಯಾವಾಗ ಕಟ್ಟಿಸಿದೆ?

ಮಸಾರಿ ಹೊಲ, ಕುಷ್ಟಗಿ ತಾಲೂಕು

ಸರ್, ಇಷ್ಟು ಬರೆದಿದ್ದಕ್ಕೆ ದೊಡ್ಡ ಉಪಕಾರ. ಲಾಳ ಹೋದ ಸಂತೆ ದಿನ ಕಟ್ಟಿಸಿದೆ, ಕುಂಟು ಶುರುವಾಗಿದ್ದು ಅದಾದ ಮೂರ್ನಾಲ್ಕು ದಿನಕ್ಕೆ. ಕಟ್ಟುವಾಗ ಒಂದು ಮೊಳೆಗೆ ಎತ್ತು ಜೋರಾಗಿ ಒದರಿತ್ತು, ಲಾಳದವನು ಏನೂ ಇಲ್ಲ ಅಂದ. ಈಗ ಮುಟ್ಟಿ ನೋಡಿದೆ. ಆ ಕಾಲಿನ ಹೊರಗಡೆ ಗೊರಸು ಇನ್ನೊಂದಕ್ಕಿಂತ ಬಿಸಿ ಇದೆ. ಭುಜ ಒತ್ತಿದರೆ ಸುಮ್ಮನೆ ನಿಲ್ಲುತ್ತದೆ.

ದನದ ದವಾಖಾನೆ (ನಿವೃತ್ತ), ಬಳ್ಳಾರಿ

ಹಾಗಾದರೆ ಭುಜ ಬಿಡು. ಎತ್ತಿನ ಗೊರಸು ಸೀಳಿದ್ದು, ಒಂದು ಕಾಲಿಗೆ ಎರಡು ಲಾಳ, ಒಟ್ಟು ಎಂಟು. ಒಂದೊಂದಕ್ಕೂ ಮೊಳೆ. ಗೊರಸಿನ ಗೋಡೆ ತೆಳ್ಳಗೆ, ಅದರ ಒಳಗೇ ಜೀವಂತ ಮಾಂಸ. ಮೊಳೆ ಸ್ವಲ್ಪ ಒಳಗೆ ವಾಲಿದರೆ ಮಾಂಸಕ್ಕೆ ಚುಚ್ಚುತ್ತದೆ. ಆ ತೂತಿನಿಂದ ಸೆಗಣಿ ಗಂಜಲದ ಹೊಲಸು ಒಳಗೆ ಹೋಗಿ ಎರಡು ಮೂರು ದಿನಕ್ಕೆ ಕೀವು ಆಗುತ್ತದೆ. ಗೊರಸು ಹಿಗ್ಗಲ್ಲ, ಕೀವಿಗೆ ಜಾಗ ಇಲ್ಲ, ಅದಕ್ಕೇ ನೋವು ಅಷ್ಟು ಜಾಸ್ತಿ. ಸಣ್ಣ ಸುತ್ತಿಗೆಯಿಂದ ಒಂದೊಂದೇ ಮೊಳೆ ತಲೆಯನ್ನು ಮೆಲ್ಲಗೆ ತಟ್ಟು. ಯಾವ ಮೊಳೆಗೆ ಕಾಲು ಕಿತ್ತುಕೊಳ್ಳುತ್ತದೋ ಅದೇ ಕಳ್ಳ.

ಇದಕ್ಕೆ ಮದ್ದು ಚಾಕು. ಲಾಳ ತೆಗೆದು, ತಳ ಕೆತ್ತಿ, ಕೀವಿಗೆ ದಾರಿ ಮಾಡಬೇಕು. ನೀನೇ ಕೆತ್ತಲು ಹೋಗಬೇಡ, ರಕ್ತ ಬಂದರೆ ನಿಲ್ಲಿಸುವುದು ಕಷ್ಟ. 1962ಕ್ಕೆ ಫೋನ್ ಮಾಡು, ಪಶು ಸಂಜೀವಿನಿ ಗಾಡಿ ಕೇಳು. ಇಲ್ಲದಿದ್ದರೆ ನಿಮ್ಮ ತಾಲೂಕು ದವಾಖಾನೆ. ಧನುರ್ವಾಯು ಸೂಜಿ ಬೇಕಾ ಅಂತ ಅವರನ್ನು ಕೇಳು, ಮೊಳೆ ಗಾಯಕ್ಕೆ ಅದೂ ಮುಖ್ಯ.

ಯೋಚನೆ ಮಾಡು, ನೀನು ಆ ಸೀಸೆ ಹಾಕಿಸಿದ್ದರೆ ನಾಳೆ ಎತ್ತು ನಡೆಯುತ್ತಿತ್ತು. ಸರಿಯಾಯಿತು ಅಂತ ಹೂಡುತ್ತಿದ್ದೆ. ಕೀವು ಮೇಲಕ್ಕೆ ಹತ್ತಿ ಕೀಲಿಗೆ ಹೋದರೆ ಆ ಎತ್ತು ಗಳೆಗೆ ಆಗಲ್ಲ.

ಔಷಧಿ ಅಂಗಡಿ, ಸಿಂಧನೂರು

ಡಾಕ್ಟರ್ ಸರ್ ಹೇಳಿದ್ದಕ್ಕೆ ಅಂಗಡಿ ಕಡೆಯಿಂದ ಎರಡು ಮಾತು. ಮೊದಲು ಮನುಷ್ಯರ ಡೈಕ್ಲೋಫೆನಾಕ್ 30 ಮಿಲಿ ಬಾಟಲಿ ಬರುತ್ತಿತ್ತು. ಅದು ಹೋಗುತ್ತಿದ್ದುದು ಮನುಷ್ಯರಿಗಲ್ಲ, ದನಕ್ಕೆ. ಅದಕ್ಕೇ 2015ರಲ್ಲಿ 3 ಮಿಲಿ ಒಂದೇ ಡೋಸಿನ ಸೀಸೆ ಮಾತ್ರ ಅಂತ ಮಾಡಿದರು. ಈಗ ಐದಾರು ಒಡೆಯಿರಿ ಅಂತ ಹೇಳಿಕೊಡುವವರು ಹುಟ್ಟಿದ್ದಾರೆ! 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ ಕೂಡ ಪ್ರಾಣಿಗಳಿಗೆ ನಿಷೇಧ ಆಯಿತು. ಅಸೆಕ್ಲೋಫೆನಾಕ್ ದನದ ಮೈಯಲ್ಲಿ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ನಿಮೆಸುಲೈಡ್ ಸರದಿ 2024ರ ಕೊನೆಗೆ ಬಂತು. ಹಳೆ ಚೀಟಿ ಹಿಡಿದು ಬರುವ ರೈತರಿಗೆ ನಾನು ಇದನ್ನು ದಿನಾ ಹೇಳುತ್ತೇನೆ, ಕೆಲವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ.

ಕುರಿ ಹಟ್ಟಿ, ಲಿಂಗಸುಗೂರು

ಇಷ್ಟೆಲ್ಲ ಇದೆ ಅಂತ ನಮಗೆ ಯಾರೂ ಹೇಳಿರಲಿಲ್ಲ ಸಾಹೇಬರೇ. ಹಂಗಾದರೆ ಕುರಿಗೆ ನೀಲಿ ನಾಲಿಗೆ ರೋಗ ಬಂದಾಗ ಏನು ಮಾಡೋದು? ಹಾಗೆಯೇ ನಮ್ಮ ಹಟ್ಟಿ ನಾಯಿ ಮುಳ್ಳು ತುಳಿದು ಕುಂಟುತ್ತಿದೆ, ಮನೆಯಲ್ಲಿ ಮೈಕೈ ನೋವಿನ ಗುಳಿಗೆ ಇದೆ. ಅರ್ಧ ಕೊಡಲಾ?

ದನದ ದವಾಖಾನೆ (ನಿವೃತ್ತ), ಬಳ್ಳಾರಿ

ಕೊಡಬೇಡಿ ಯಜಮಾನರೇ. ನಿಮ್ಮ ಗುಳಿಗೆಯಲ್ಲಿ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ಇರುತ್ತದೆ. ನಾಯಿಗೆ ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಡಾಂಬರಿನ ಹಾಗೆ ಕಪ್ಪು ಹೇಲು ಹೋದರೆ ಅದು ಒಳಗೆ ಸೋರಿದ ರಕ್ತ. ಮೊದಲು ಮುಳ್ಳು ಹುಡುಕಿ ತೆಗೆಯಿರಿ, ಜಾಲಿ ಮುಳ್ಳು ಒಳಗೇ ಮುರಿದಿರುತ್ತದೆ. ಬೆಕ್ಕು ಸಾಕಿದವರು ಯಾರಾದರೂ ಓದುತ್ತಿದ್ದರೆ ಅವರಿಗೂ ಹೇಳುತ್ತೇನೆ, ಜ್ವರದ ಪ್ಯಾರಾಸಿಟಮಾಲ್ ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲುತ್ತದೆ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ.

ನೀಲಿ ನಾಲಿಗೆಗೆ ಮುಖ್ಯ ಲಸಿಕೆ, ಅದು ಮಳೆಗಾಲಕ್ಕೆ ಮುಂಚೆ. ಬಂದ ಮೇಲೆ ನೆರಳು, ನೀರು, ಮೆತ್ತನೆ ಮೇವು, ಬಾಯಿ ತೊಳೆಯುವುದು. ನೋವಿಗೆ ಡಾಕ್ಟರು ಮೆಲಾಕ್ಸಿಕ್ಯಾಂ ಹಾಕುತ್ತಾರೆ. ಆದರೆ ಒಂದು ಎಚ್ಚರ. ನಾನು ಮೇಲೆ ಹೇಳಿದ ಪ್ರೋಸ್ಟಗ್ಲಾಂಡಿನ್ ಬರೀ ನೋವು ಕೊಡುವುದಲ್ಲ, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹೋಗುವ ಹಾಗೂ ನೋಡಿಕೊಳ್ಳುತ್ತದೆ. ನಿಮ್ಮ ರಾಯಚೂರು ಬಿಸಿಲಲ್ಲಿ ನೀರಿಲ್ಲದೆ ಬಾಡಿದ ಕುರಿಗೆ ಸೂಜಿ ಚುಚ್ಚಿದರೆ ಮೂತ್ರಪಿಂಡಕ್ಕೆ ಪೆಟ್ಟು. ಮೊದಲು ನೀರು, ಆಮೇಲೆ ಸೂಜಿ. ಇನ್ನು ಡೆಕ್ಸಾ ಅನ್ನುವ ಸ್ಟಿರಾಯ್ಡ್ ಸೀಸೆ ಕೂಡ ಹಟ್ಟಿಗಳಲ್ಲಿ ಓಡಾಡುತ್ತದೆ ಅಂತ ಬಲ್ಲೆ. ತುಂಬು ಗಬ್ಬದ ಹಸುವಿಗೆ ಅದು ಕಂದು ಹಾಕಿಸುತ್ತದೆ. ನೋವಿನ ಸೂಜಿ ಜೊತೆ ಸೇರಿಸಿ ಕೊಟ್ಟರೆ ಹೊಟ್ಟೆ ಹುಣ್ಣು ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ.

ಎರಡು ಎಮ್ಮೆ, ಗಂಗಾವತಿ

ಸರ್, ನನ್ನದೂ ಒಂದು. ಎಮ್ಮೆಗೆ ಕೆಚ್ಚಲು ಬಾವು. ಡಾಕ್ಟರು ಆಂಟಿಬಯೋಟಿಕ್ ಜೊತೆ ಮೆಲಾಕ್ಸಿಕ್ಯಾಂ ಹಾಕಿದ್ದಾರೆ. ಬಾವು ಇಳಿಯಿತು. ಹಾಲು ಡೇರಿಗೆ ಹಾಕಬಹುದಾ? ಅರಿಶಿನ ಲೋಳೆಸರ ಹಚ್ಚು ಅಂತಾರೆ, ಅದು ನಿಜವಾ?

ದನದ ದವಾಖಾನೆ (ನಿವೃತ್ತ), ಬಳ್ಳಾರಿ

ಈಗಲೇ ಬೇಡಮ್ಮಾ. ಯುರೋಪಿನಲ್ಲಿ ಮೆಲಾಕ್ಸಿಕ್ಯಾಂ ಹಾಕಿದ ಹಸುವಿನ ಹಾಲನ್ನು 5 ದಿನ ಬಿಡುತ್ತಾರೆ. ಆಂಟಿಬಯೋಟಿಕ್‌ಗೆ ಅದರದೇ ಲೆಕ್ಕ ಇರುತ್ತದೆ, ಎರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ದಿನ. ಎಷ್ಟು ಅಂತ ಹಾಕಿದ ಡಾಕ್ಟರನ್ನೇ ಕೇಳಿ. ಕರುವಿಗೂ ಆ ಹಾಲು ಬೇಡ. ಬಾವು ಇಳಿದರೂ ಆಂಟಿಬಯೋಟಿಕ್ ನಡುವೆ ಬಿಡಬೇಡಿ, ಇಳಿದದ್ದು ನೋವಿನ ಸೂಜಿಯ ಕೆಲಸವೂ ಇರಬಹುದು.

ಲೋಳೆಸರದ ಲೇಪ ನಿಜ. ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ, ಹಾಲು ಪೂರ್ತಿ ಹಿಂಡಿ, ಕೆಚ್ಚಲು ತೊಳೆದು ಹಚ್ಚುವುದು. ಹೈನು ಮಂಡಳಿಯವರೇ ಇದನ್ನು ಹೇಳಿಕೊಡುತ್ತಾರೆ. ಜ್ವರ ಇದ್ದರೆ, ಹಾಲಲ್ಲಿ ರಕ್ತ ಕಂಡರೆ ಲೇಪ ನಂಬಿ ಕೂರಬೇಡಿ.

ಮಸಾರಿ ಹೊಲ, ಕುಷ್ಟಗಿ ತಾಲೂಕು

ಸರ್, ಗಾಡಿ ಬಂತು. ಹೊರಗಡೆ ಗೊರಸಿನ ಎರಡನೇ ಮೊಳೆ. ಲಾಳ ತೆಗೆದು ಕೆತ್ತಿದಾಗ ಕರ್ರಗೆ ಕೀವು ಚಿಮ್ಮಿತು, ವಾಸನೆ ತಡೆಯಕ್ಕಾಗಲಿಲ್ಲ. ತೊಳೆದು, ಔಷಧಿ ತುಂಬಿ, ಬಟ್ಟೆ ಕಟ್ಟಿದ್ದಾರೆ. ಮೆಲಾಕ್ಸಿಕ್ಯಾಂ ಹಾಕಿದರು, ಧನುರ್ವಾಯು ಸೂಜಿಯೂ ಆಯಿತು. ಸಂಜೆಗೆ ನಾಲ್ಕೂ ಕಾಲು ಊರಿ ನಿಂತಿದೆ! ಸೀಸೆ ಅಂಗಡಿಗೆ ವಾಪಸ್ ಕೊಟ್ಟೆ, ದುಡ್ಡು ಕೊಡಲಿಲ್ಲ. ಹೆಸರಿಗೆ ಆಳು ಹಚ್ಚಿ ಕಸ ತೆಗೆಸುತ್ತಿದ್ದೇನೆ, ಖರ್ಚು ಜಾಸ್ತಿಯೇ. ಮತ್ತೆ ಯಾವಾಗ ಹೂಡಬಹುದು ಅಂತ ಮಾತ್ರ ಹೇಳಿ.

ದನದ ದವಾಖಾನೆ (ನಿವೃತ್ತ), ಬಳ್ಳಾರಿ

ಇವತ್ತು ಊರಿ ನಿಂತದ್ದನ್ನು ಲೆಕ್ಕಕ್ಕೆ ಹಿಡಿಯಬೇಡ. ಅರ್ಧ ಕೀವು ಹೋದದ್ದಕ್ಕೆ, ಅರ್ಧ ಸೂಜಿಯದು. ಮೆಲಾಕ್ಸಿಕ್ಯಾಂ ದನದ ಮೈಯಲ್ಲಿ ನಿಧಾನಕ್ಕೆ ಕರಗುತ್ತದೆ, ಸುಮಾರು ಒಂದು ದಿನಕ್ಕೆ ಅರ್ಧ ಇಳಿಯುತ್ತದೆ. ಕೊನೆಯ ಸೂಜಿ ಆಗಿ ನಾಲ್ಕೈದು ದಿನ ಬಿಟ್ಟು, ಗಟ್ಟಿ ನೆಲದ ಮೇಲೆ ಬರಿಗೈಯಲ್ಲಿ ನಡೆಸಿ ನೋಡು. ತಿರುಗುವಾಗ ತಲೆ ಎತ್ತಿ ಎತ್ತಿ ಹಾಕದೆ ನಡೆದರೆ ಸರಿ. ತಳ ಗಟ್ಟಿಯಾಗುವ ತನಕ ಕೊಟ್ಟಿಗೆ ಒಣಗಿರಲಿ, ಗಂಜಲದಲ್ಲಿ ನಿಲ್ಲಿಸಬೇಡ. ಆ ಗೊರಸಿಗೆ ಈ ಹಂಗಾಮಿಗೆ ಲಾಳವೇ ಬೇಡ. ಮುಂದಿನ ಸಲ ಕಟ್ಟಿಸುವಾಗ ಮೊಳೆಗೆ ಎತ್ತು ಒದರಿದರೆ, ಅಲ್ಲೇ ಆ ಮೊಳೆ ಕೀಳಿಸಿ ತೂತಿಗೆ ಅಯೋಡಿನ್ ಬಿಡಿಸು, ಲಾಳದವನು ಏನಾದರೂ ಅನ್ನಲಿ.