ಬಂದೂಕಿನ ಕಾಲದಲ್ಲಿ ಕೋಲು ಏಕೆ?

(ಕುಟುಂಬದ ಗುಂಪಿನಲ್ಲಿ ಭಾವ ಹಂಚಿಕೊಂಡ ವಿಡಿಯೊ: ಒಬ್ಬಾತ ಆರಡಿ ಕೋಲನ್ನೂ ಆಮೇಲೆ ಸಾಯ್ ಎಂಬ ಮೂರು ಮೊನೆಯ ಲೋಹದ ಆಯುಧಗಳ ಜೋಡಿಯನ್ನೂ ತಿರುಗಿಸುತ್ತಾನೆ. ಕೆಳಗಿನ ಬರಹ: “ಕತ್ತಿ ಕಸಿದುಕೊಂಡಾಗ ಬಡ ರೈತರು ಹೊಲದ ಉಪಕರಣಗಳನ್ನೇ ಆಯುಧ ಮಾಡಿಕೊಂಡರು. ಇದನ್ನು ಕಲಿತವರು ಯಾವ ದಾಳಿಗೂ ಹೆದರಬೇಕಿಲ್ಲ.”)

ಚಿಕ್ಕಪ್ಪ: ನೋಡಲು ಸೊಗಸಾಗಿದೆ. ಆದರೆ ಬಂದೂಕು ಬಂದು ಶತಮಾನಗಳು ಕಳೆದ ಮೇಲೂ ಕೋಲು, ಕತ್ತಿ, ಕುಡುಗೋಲುಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡುವವರ ಉದ್ದೇಶ ನನಗೆ ಅರ್ಥವಾಗುವುದಿಲ್ಲ. ಸಾಯ್ ಹಿಡಿದು ಬೀದಿಗಿಳಿದರೆ ಪೊಲೀಸರು ಮೊದಲು ಹಿಡಿಯುವುದು ಅವರನ್ನೇ.

ಭಾವ: ಆತ್ಮರಕ್ಷಣೆಗೆಂದು ಅಲ್ಲೇ ಬರೆದಿದ್ದಾರಲ್ಲ, ಮಾವ?

ನಾನು: ಭಾವ, ಆ ಮಾತಿನಲ್ಲಿ ನಾನು ಚಿಕ್ಕಪ್ಪನ ಪಕ್ಷ. ರೈತರ ಕಥೆಯೂ ಅಷ್ಟು ಗಟ್ಟಿಯಲ್ಲ. ಆ ಕಥೆ ಇಂದು ಜಪಾನಿಗೆ ಸೇರಿರುವ ಒಕಿನಾವಾ ದ್ವೀಪದ್ದು. ಅಲ್ಲಿ ಸಾಯ್ ಹಿಡಿಯುತ್ತಿದ್ದವರಲ್ಲಿ ಅಂದಿನ ರ್ಯುಕ್ಯು ರಾಜ್ಯದ ಕಾವಲು ಅಧಿಕಾರಿಗಳಿದ್ದರು, ಮತ್ತು ಅಲ್ಲಿನ ಆಯುಧವಿದ್ಯೆಯನ್ನು ಮುಂದಿನ ತಲೆಮಾರಿಗೆ ದಾಟಿಸಿದ ಅನೇಕರು ಅಧಿಕಾರಿ ವರ್ಗಕ್ಕೆ ಸೇರಿದವರು. 1879ರಲ್ಲಿ ಜಪಾನ್ ಆ ರಾಜ್ಯವನ್ನು ತನ್ನೊಳಗೆ ಸೇರಿಸಿಕೊಂಡ ಮೇಲೆ ಅವರ ಹುದ್ದೆಗಳು ಹೋದವು, ಅಭ್ಯಾಸ ಹೋಗಲಿಲ್ಲ. ಉಪಯೋಗ ತೀರಿದ ಮೇಲೂ ಅದೇಕೆ ಉಳಿಯಿತು ಎಂಬುದನ್ನು ಅಕ್ಕನೇ ಹೇಳಬೇಕು. ಈ ಗುಂಪಿನಲ್ಲಿ ಕೋಲು ಹಿಡಿದಿರುವವಳು ಅವಳೊಬ್ಬಳೇ.

ಚಿಕ್ಕಪ್ಪ: ಪರಂಪರೆಯ ಅಭಿಮಾನದಿಂದ ಉಳಿಯಿತು, ಇನ್ನೇನು? ಅದಕ್ಕಾದರೆ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಸಾಕು.

ಅಕ್ಕ: ಸಾಲದು, ಚಿಕ್ಕಪ್ಪ. ಯುರೋಪಿನಲ್ಲಿ ಮಧ್ಯಯುಗದ ಕತ್ತಿವಿದ್ಯೆಯು ಗುರುವಿನಿಂದ ಶಿಷ್ಯನಿಗೆ ಬರುವುದು ಎಂದೋ ನಿಂತುಹೋಯಿತು. ಕತ್ತಿಗಳು ಉಳಿದಿವೆ, ಸುಮಾರು 1300ರ ಹೊತ್ತಿನ, ಕತ್ತಿ ಮತ್ತು ಕಿರುಗುರಾಣಿಯ ಪಾಠಗಳಿರುವ ಸಚಿತ್ರ ಹಸ್ತಪ್ರತಿಯೊಂದು ಇಂಗ್ಲೆಂಡಿನ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿದೆ. ಆದರೂ ಇಂದು ಆ ವಿದ್ಯೆಯನ್ನು ಮತ್ತೆ ಕಟ್ಟಲು ಹೊರಟವರು, ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಬರುವಷ್ಟರಲ್ಲಿ ಕಾಲು ಯಾವ ಕಡೆ ಸರಿದಿರಬೇಕೆಂದು ಇನ್ನೂ ವಾದಿಸುತ್ತಿದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿ ಕತ್ತಿ ಉಳಿಯುತ್ತದೆ, ಅದನ್ನು ಬೀಸಿದ ಮೈ ಉಳಿಯುವುದಿಲ್ಲ.

ಇನ್ನೊಂದು ಕಾರಣವನ್ನು ನಾನು ಕೈಯಾರೆ ಅರಿತಿದ್ದೇನೆ. ಬರಿಗೈ ಅಭ್ಯಾಸದಲ್ಲಿ ಎದುರಾಳಿಗೆ ಒಂದು ಗೇಣು ಹೆಚ್ಚು ಹತ್ತಿರ ನಿಂತರೂ ಆ ತಪ್ಪು ಹೇಗೋ ಮುಚ್ಚಿಹೋಗುತ್ತದೆ. ಆರಡಿ ಕೋಲು ಅದನ್ನು ಮುಚ್ಚಿಡುವುದಿಲ್ಲ: ಹಿಂದಿನ ಕೈ ಸ್ವಲ್ಪ ಅಲುಗಿದರೆ ಮುಂದಿನ ತುದಿ ಗುರಿಯನ್ನೇ ಬಿಟ್ಟು ಹೋಗುತ್ತದೆ, ಭುಜ ಬಿಗಿಯಾಗಿದ್ದರೆ ಬೀಸಿದಾಗಿನ ಸದ್ದಿನಲ್ಲೇ ಅದು ಗೊತ್ತಾಗುತ್ತದೆ. ಆದ್ದರಿಂದಲೇ ಫಿಲಿಪೀನ್ಸ್‌ನ ಆರ್ನಿಸ್ ಎಂಬ ಸಮರಕಲೆಯಲ್ಲಿ ಸಾಮಾನ್ಯವಾಗಿ ಕೋಲಿನ ಪಾಠ ಮೊದಲು, ಬರಿಗೈಯದು ಆಮೇಲೆ. ಕಳರಿಪಯಟ್ಟಿನ ಸಾಂಪ್ರದಾಯಿಕ ಕ್ರಮದಲ್ಲಿ ಮೈ ಪಳಗಿದ ಮೇಲೆ ಮರದ ಆಯುಧ, ಅನಂತರ ಲೋಹದ್ದು, ಕೊನೆಗೆ ಬರಿಗೈ. ಇವುಗಳಿಂದ ಆಯುಧವನ್ನು ತೆಗೆದುಹಾಕಿದರೆ ಬರಿಗೈ ವಿದ್ಯೆಯೂ ನಿಲ್ಲುವುದಿಲ್ಲ.

ಚಿಕ್ಕಪ್ಪ: ಸರಿ, ಆದರೆ ಜೋಡಿಯಾಗಿ ಮಾಡುವಾಗ ಯಾರು ಎಲ್ಲಿ ಹೊಡೆಯಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ಹಾಗಿದ್ದಮೇಲೆ ನೃತ್ಯಕ್ಕೂ ಅದಕ್ಕೂ ಏನು ವ್ಯತ್ಯಾಸ? ಅದಕ್ಕಿಂತ ಫೆನ್ಸಿಂಗ್ ಮೇಲು. 1896ರ ಒಲಿಂಪಿಕ್ಸ್‌ನಿಂದಲೂ ಗೆದ್ದವರು ಯಾರೆಂದು ಸ್ಪಷ್ಟವಾಗಿ ತಿಳಿಯುವ ಆಟ ಅದು.

ಅಕ್ಕ: ನೃತ್ಯವನ್ನು ಅಷ್ಟು ಹಗುರವಾಗಿ ಕಾಣಬೇಡಿ, ಆ ಮಾತು ಇರಲಿ. ಗೆಲುವು ಎಣಿಸುವ ಆಟದಲ್ಲಿ ಅಂಕ ತರುವ ಹೊಡೆತಗಳು ಬೆಳೆಯುತ್ತವೆ, ಉಳಿದವು ಮೆಲ್ಲಗೆ ಬಿಟ್ಟುಹೋಗುತ್ತವೆ. ಜಪಾನಿನ ಹಳೆಯ ಕತ್ತಿ ಪರಂಪರೆಗಳ ಜೋಡಿ ಅಭ್ಯಾಸ ಬೇರೆ ರೀತಿಯದು. ಅಲ್ಲಿ ಸೋಲುವ ಪಾತ್ರ ಸಾಮಾನ್ಯವಾಗಿ ಹಿರಿಯರದು. ಮೇಲೆ ಬೀಳುವವರು ಅವರೇ, ಕೊನೆಗೆ ಕಿರಿಯರ ಕತ್ತಿಗೆ ಸಿಕ್ಕುವವರೂ ಅವರೇ. ಕಿರಿಯರು ಆತುರಪಟ್ಟರೆ ಹಿರಿಯರು ನಿಗದಿಯಾದ ಪಾಠವನ್ನು ತುಸು ತಡಮಾಡಿ, ತೆರಪು ಎಲ್ಲಿದೆಯೆಂದು ತೋರಿಸುತ್ತಾರೆ. ಹೊಡೆತ ಯಾವುದೆಂದು ಗೊತ್ತಿರಬಹುದು, ಅದು ಬೀಳುವ ಗಳಿಗೆ ಗೊತ್ತಿರುವುದಿಲ್ಲ.

ಚಿಕ್ಕಪ್ಪ: ಹಿರಿಯರು ಸೋಲಬೇಕೆಂಬ ನಿಯಮವನ್ನು ನನಗೆಂದೇ ಹುಡುಕಿ ತಂದಂತಿದೆ.

ಅತ್ತೆ: ನಿಮ್ಮ ವಾದ ಮುಗಿದಿದ್ದರೆ ನನ್ನದೊಂದು ಪ್ರಶ್ನೆ. ಈ ವಿಡಿಯೊ ನೋಡಿ ನಮ್ಮ ಹುಡುಗ ನನ್‌ಚಾಕು, ಅಂದರೆ ಸರಪಳಿಯಿಂದ ಜೋಡಿಸಿದ ಎರಡು ತುಂಡು ಕೋಲಿನ ಆಯುಧ, ಬೇಕೆಂದು ಕುಳಿತಿದ್ದಾನೆ.

ಅಕ್ಕ: ಈಗಲೇ ಬೇಡ, ಅತ್ತೆ. ಅದು ಮೊದಲು ಹೊಡೆಯುವುದು ಹಿಡಿದವರ ಮೊಣಕೈಗೇ. ಗುರುಗಳ ಬಳಿ ಕೋಲಿನಿಂದ ಆರಂಭಿಸಲಿ.

ನಾನು: ಕೆಲವು ದೇಶಗಳಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1974ರಿಂದ ಇದ್ದ ನಿಷೇಧವನ್ನು ನ್ಯಾಯಾಲಯವು 2018ರಲ್ಲಷ್ಟೇ ತೆಗೆದುಹಾಕಿತು.

ಚಿಕ್ಕಪ್ಪ: ಹಾಗಾದರೆ ವಿಡಿಯೊ ಇರಲಿ. ಅಳಿಯಂದಿರು ಅದರ ಕೆಳಗಿನ ಆ ಎರಡು ಸಾಲುಗಳನ್ನು ತೆಗೆದು ಮತ್ತೊಮ್ಮೆ ಕಳುಹಿಸಲಿ. ರೈತರ ಕಥೆಯನ್ನು ನಾನು ಆಗಲೇ ಇನ್ನೆರಡು ಗುಂಪುಗಳಿಗೆ ಕಳುಹಿಸಿಬಿಟ್ಟಿದ್ದೇನೆ.